ಎರೆಗೊಬ್ಬರ ತೆಗೆಯುವಾಗ ಹುಳುವಿನ ತಂಟೆಗೆ ಹೋಗಬೇಡಿ

ಮೊನ್ನೆ ಭಾನುವಾರ ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಪಕ್ಕದ ಮನೆ ಹುಡುಗಿ ಎರೆಗೊಬ್ಬರದ ಡಬ್ಬಿಯನ್ನು ಪೂರ್ತಿ ಬೋರಲು ಹಾಕಿಕೊಂಡು ಕೂತಿದ್ದಳು. ಹನ್ನೊಂದು ಗಂಟೆಯ ರಣಬಿಸಿಲು. ಒಂದು ಕೈಯಲ್ಲಿ ಕಬ್ಬಿಣದ ಸಣ್ಣ ಸಲಿಕೆ, ಇನ್ನೊಂದರಲ್ಲಿ ಅಡುಗೆಮನೆಯ ಚಿಮಟ. ಸಲಿಕೆಯಿಂದ ಕೆದಕುವುದು, ಹುಳು ಕಂಡರೆ ಚಿಮಟದಿಂದ ಎತ್ತಿ ಬಕೆಟ್ಟಿಗೆ ಹಾಕುವುದು. ಎಷ್ಟೋ ಹುಳು ಆಗಲೇ ಸಲಿಕೆಗೆ ಸಿಕ್ಕಿ ತುಂಡಾಗಿದ್ದವು. ಬಕೆಟ್ಟಿನಲ್ಲಿದ್ದವು ಒಣಗಿದ ದಾರದ ಹಾಗೆ ಸುರುಟಿಕೊಂಡಿದ್ದವು. “ಆಂಟಿ, ಎರಡು ಗಂಟೆಯಿಂದ ಮಾಡ್ತಿದೀನಿ, ಇನ್ನೂ ಕಾಲು ಭಾಗನೂ ಆಗಿಲ್ಲ” ಅಂದಳು. ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ತಿಂಗಳು ಸಿಪ್ಪೆ ಹೆಚ್ಚಿ ಹೆಚ್ಚಿ ಹಾಕಿ ಸಾಕಿದ್ದನ್ನು ಒಂದೇ ಬೆಳಗಿನಲ್ಲಿ ಹೀಗೆ ಕೊಲ್ಲುವುದೇ?

ಇವಳೊಬ್ಬಳೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಸೊಸೆಯ ಗೆಳತಿಯೊಬ್ಬಳು ಹುಳು ತೇಲಿ ಬರುತ್ತದೆಂದು ಎಲ್ಲವನ್ನೂ ನೀರಿಗೆ ಸುರಿದಳಂತೆ. ಗೊಬ್ಬರವೂ ಹೋಯಿತು, ಹುಳುವೂ ಹೋಯಿತು. ಇನ್ನೊಬ್ಬರು ಹಸಿಹಸಿ ಗೊಬ್ಬರವನ್ನು ಹಿಟ್ಟಿನ ಜರಡಿಗೆ ಹಾಕಿ ಅಂಗೈಯಿಂದ ಉಜ್ಜಿದ್ದರು. ಜರಡಿಯ ಕೆಳಗೆ ಏನು ಬಿತ್ತು ಅಂತ ನಾನು ಇಲ್ಲಿ ಬರೆಯಲಾರೆ. “ತುಂಡಾದರೆ ಎರಡು ಹುಳು ಆಗುತ್ತಲ್ವಾ?” ಎಂದು ಬೇರೆ ಕೇಳುತ್ತಾರೆ. ಬಾಲದ ತುದಿ ಒಂದಿಷ್ಟು ಹೋದರೆ ತಲೆಯ ಕಡೆಯ ಭಾಗ ಬದುಕಿಕೊಂಡೀತು, ಬಾಲವೂ ಮತ್ತೆ ಬೆಳೆದೀತು. ಅದನ್ನೇ ನಂಬಿಕೊಂಡು ಸಲಿಕೆ ಹಾಕಬೇಡಿ.

ಎರೆಹುಳುವಿಗೆ ಕಣ್ಣಿಲ್ಲ, ಆದರೆ ಬೆಳಕು ಮೈಗೆ ತಾಗಿದರೆ ಗೊತ್ತಾಗುತ್ತದೆ, ತಾಗಿದ ಕೂಡಲೇ ಕತ್ತಲ ಕಡೆಗೆ ನುಗ್ಗುತ್ತದೆ. ಅದಕ್ಕೆ ಮೂಗಿಲ್ಲ, ಶ್ವಾಸಕೋಶವಿಲ್ಲ, ಉಸಿರಾಡುವುದು ಒದ್ದೆ ಚರ್ಮದಿಂದ. ಚರ್ಮ ಒಣಗಿತೋ, ಉಸಿರು ಕಟ್ಟಿತು. ಇಷ್ಟು ತಿಳಿದಿದ್ದರೆ ಸಾಕು, ಹುಳು ಆರಿಸುವ ಕೆಲಸವೇ ನಿಮಗಿಲ್ಲ. ಅದು ತಾನಾಗಿ ಬೇರೆಯಾಗುತ್ತದೆ. ನೀವು ಬೆಳಕು ಕೊಟ್ಟು ಕಾಯಬೇಕು, ಅಷ್ಟೇ. ಈಗಿನವರಿಗೆ ಕಾಯುವುದೇ ಆಗುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ಆಗ ಡಬ್ಬಿ ಎಲ್ಲಿತ್ತು? ಸೊಪ್ಪಿನಬೆಟ್ಟದಿಂದ ತಂದ ಹಸಿಸೊಪ್ಪು, ದರಕು ಅಂದರೆ ಒಣಗಿ ಉದುರಿದ ಎಲೆ, ಎಲ್ಲ ಕೊಟ್ಟಿಗೆಗೆ ಹಾಸುವುದು, ದನ ತುಳಿದು ಸಗಣಿ ಗಂಜಲ ಬೆರೆತದ್ದನ್ನು ಗೊಬ್ಬರದ ಗುಂಡಿಗೆ ಎಳೆಯುವುದು. ಬೇಸಿಗೆಯಲ್ಲಿ ಗುಂಡಿ ಖಾಲಿ ಮಾಡಿ ಅಡಿಕೆ ತೋಟಕ್ಕೆ ಹೊರುವಾಗ ಮಕ್ಕಳಾದ ನಮಗೂ ಒಂದೊಂದು ಪುಟ್ಟ ಬುಟ್ಟಿ. ಅಂಚಿನ ಒದ್ದೆ ಜಾಗದಲ್ಲಿ ಕೆಂಪು ಹುಳುಗಳು ಮುದ್ದೆ ಮುದ್ದೆಯಾಗಿ ಇರುತ್ತಿದ್ದವು. ನನ್ನ ತಮ್ಮ ಗುದ್ದಲಿ ಬೀಸಿದರೆ ಆಯಿ, ಅಂದರೆ ನಮ್ಮಮ್ಮ, ಅಲ್ಲಿಂದಲೇ ಕೂಗುತ್ತಿದ್ದಳು, “ಅದ್ಕೆ ಕಣ್ಣಿಲ್ಲೆ, ನಿಂಗೆ ಇದ್ದಲೆ, ನೋಡ್ಕ್ಯಂಡು ತೆಗಿ!” ಹುಳುವಿದ್ದ ಆ ಮೂಲೆಯನ್ನು ಕೆದಕದೆ ಹಾಗೇ ಬಿಟ್ಟು, ಅದರ ಮೇಲೆ ಹೊಸ ಸಗಣಿ ಸೊಪ್ಪು ಬೀಳುತ್ತಿತ್ತು. ಬೆಂಗಳೂರಿಗೆ ಬಂದು ಬಾಲ್ಕನಿಯಲ್ಲಿ ಡಬ್ಬಿ ಇಟ್ಟ ಮೇಲೂ ನನಗೆ ಆ ಕೂಗು ಕಿವಿಯಲ್ಲಿದೆ.

ಗೊಬ್ಬರ ತೆಗೆಯುವ ಕೆಲಸ ಆ ದಿನ ಶುರುವಾಗುವುದಲ್ಲ, ಒಂದು ವಾರ ಮೊದಲೇ ಶುರು. ಮೇಲಿನ ಒಂದು ಬೆರಳು ಬಿಟ್ಟರೆ ಉಳಿದದ್ದೆಲ್ಲ ಒದ್ದೆ ಕಾಫಿಪುಡಿಯ ಹಾಗೆ ಕಾಣಬೇಕು, ಮಾವಿನ ಗೊರಟು, ಹುಣಸೆ ಬೀಜ ಬಿಟ್ಟು ಏನು ಹಾಕಿದ್ದಿರೆಂದು ಗುರುತೇ ಹತ್ತಬಾರದು. ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಹುಳಿ ವಾಸನೆ, ಕೊಳೆತ ವಾಸನೆ ಬಂದರೆ ಇನ್ನೂ ಆಗಿಲ್ಲ, ಮುಚ್ಚಿಡಿ. ಆಗಿದೆ ಅನ್ನಿಸಿದ ಮೇಲೆ ಸಿಪ್ಪೆ ಹಾಕುವುದನ್ನು ನಿಲ್ಲಿಸಿ, ನಾಲ್ಕೈದು ದಿನ ನೀರು ಚಿಮುಕಿಸುವುದನ್ನೂ ನಿಲ್ಲಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಬೆರಳ ಸಂದಿಯಲ್ಲಿ ನೀರು ಬಂದರೆ ಇನ್ನೆರಡು ದಿನ ತಾಳಿ. ಒದ್ದೆ ಗೊಬ್ಬರದಲ್ಲಿ ಮುಂದೆ ಹೇಳುವ ಯಾವುದೂ ನಡೆಯುವುದಿಲ್ಲ.

ಹುಣಸೆ ಅಂದದ್ದಕ್ಕೆ ನೆನಪಾಯಿತು. ಹಬ್ಬದ ಮುಂಚೆ ಹಿತ್ತಾಳೆ ದೀಪ ತಿಕ್ಕಿದ ಹುಣಸೆಯ ಜಿಗುಟನ್ನು ತಂದು ಈ ಡಬ್ಬಿಗೆ ಸುರಿಯುವವರಿದ್ದಾರೆ. ಅದರಲ್ಲಿ ಹುಳಿ, ಉಪ್ಪು, ಲೋಹದ ಕಿಲುಬು ಎಲ್ಲ ಇರುತ್ತದೆ. ಹುಳು ಡಬ್ಬಿಯ ಗೋಡೆ ಹತ್ತಿ ಓಡುತ್ತದೆ. ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಪಲ್ಯ, ಎಣ್ಣೆ ಜಿಡ್ಡು ಕೂಡ ಅದಕ್ಕೆ ಬೇಡ. ದೀಪದ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಹುಣಸೆ ಬಳಿದು ಗಂಟೆಗಟ್ಟಲೆ ಬಿಡಬೇಡಿ, ಹಿತ್ತಾಳೆ ಕೆಂಪಗೆ ಚುಕ್ಕೆ ಚುಕ್ಕೆಯಾಗುತ್ತದೆ. ಬಳಿದ ಕೂಡಲೇ ತಿಕ್ಕಿ, ತೊಳೆದು, ಆಗಲೇ ಒಣಬಟ್ಟೆಯಲ್ಲಿ ಒರೆಸಿ. ನೀರಿನ ಹನಿ ಹಾಗೇ ಒಣಗಿದರೆ ಕಲೆ ಹೋಗುವುದಿಲ್ಲ.

ಈಗ ಗೊಬ್ಬರಕ್ಕೆ ಬರೋಣ. ಬೆಳಕು ಬೇಕು, ಬಿಸಿಲು ಬೇಡ. ನಾನು ಬೆಳಿಗ್ಗೆ ತಿಂಡಿ ಕೆಲಸ ಮುಗಿಸಿ ಹಾಲ್‌ನ ಕಿಟಕಿಯ ಹತ್ತಿರ ಮಾಡುತ್ತೇನೆ. ಮೋಡದ ದಿನವಾದರೆ ಟ್ಯೂಬ್‌ಲೈಟ್ ಹಾಕಿಕೊಂಡರೂ ಆಗುತ್ತದೆ. ಕೆಳಗೆ ಹಾಸಲು ಅಕ್ಕಿಯ ಪ್ಲಾಸ್ಟಿಕ್ ಚೀಲವನ್ನು ಹೊಲಿಗೆ ಬಿಚ್ಚಿ ಅಗಲ ಮಾಡಿ. ಗೋಣಿಚೀಲ ಹಾಸಬೇಡಿ, ಅದರ ನೂಲಿನ ಸಂದಿಗೆ ಮರಿಹುಳುಗಳು ತೂರಿಕೊಂಡು ಅಲ್ಲೇ ಸಾಯುತ್ತವೆ. ಪೇಪರೂ ಬೇಡ, ತೇವ ಹೀರಿ ಹರಿಯುತ್ತದೆ. ಇರುವೆ ಕಾಟವಿರುವ ಮನೆಯಾದರೆ ನೆಲದಲ್ಲಿ ಮಾಡಲೇಬೇಡಿ. ಮಣೆಗಿಂತ ಎತ್ತರದ ಬೆಂಚಿನ ಮೇಲೆ ಹಾಸಿ, ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ಹಿಂದೆ ಹಾಲು ಬೆಲ್ಲದ ಕಪಾಟಿಗೆ ಇಡುತ್ತಿದ್ದೆವಲ್ಲ, ಹಾಗೆ. ಇರುವೆಗೆ ಒಮ್ಮೆ ದಾರಿ ಸಿಕ್ಕಿತೋ, ನೀವು ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಹುಳುವಿನ ಮೈಗೆ ಮುತ್ತಿರುತ್ತವೆ.

ಡಬ್ಬಿಯ ಮೇಲಿನ ಅರೆಬರೆ ಕೊಳೆತದ್ದನ್ನು ಬೇರೆ ಪಾತ್ರೆಗೆ ತೆಗೆದಿಡಿ. ಉಳಿದದ್ದನ್ನು ಒಂದೇ ರಾಶಿ ಹಾಕಬೇಡಿ. ಒಂದು ಮೊರದಲ್ಲಿ ಹಿಡಿಯುವಷ್ಟಕ್ಕೆ ಒಂದು ರಾಶಿ, ಸುತ್ತ ಕೈ ಆಡಿಸುವಷ್ಟು ಜಾಗ ಬಿಟ್ಟು ಇನ್ನೊಂದು. ಸಾಮಾನ್ಯ ಮನೆಯ ಡಬ್ಬಿಗೆ ನಾಲ್ಕೈದು ರಾಶಿ ಆದೀತು. ಪ್ರತಿ ರಾಶಿಯೂ ಕಣದಲ್ಲಿ ಭತ್ತದ ರಾಶಿ ಹಾಕಿದ ಹಾಗೆ ಕಡಿದಾಗಿ, ಮೊನಚಾಗಿ ನಿಲ್ಲಬೇಕು. ರೊಟ್ಟಿಯ ಹಾಗೆ ಚಪ್ಪಟೆ ಮಾಡಿ ಇಟ್ಟರೆ ಹುಳು ಎಲ್ಲಿಗೆ ಹೋಗಬೇಕು? ಮೊನಚು ರಾಶಿಯ ಹೊರಮೈ ಬೆಳಕಿಗೆ, ಗಾಳಿಗೆ ಒಣಗುತ್ತಾ ಬರುತ್ತದೆ, ನಡುವಿನ ಹೊಟ್ಟೆ ತಂಪಾಗಿ, ಕತ್ತಲಾಗಿ ಉಳಿಯುತ್ತದೆ. ಹುಳು ಆ ಹೊಟ್ಟೆಯನ್ನು ಹುಡುಕಿಕೊಂಡು ಇಳಿಯುತ್ತದೆ.

ರಾಶಿ ಹಾಕಿ ಎದ್ದು ಹೋಗಿ. ಒಂದು ಕಟ್ಟು ಹರಿವೆ ಸೊಪ್ಪು ಸೋಸುವಷ್ಟು ಹೊತ್ತು. ಅಲ್ಲೇ ಕೂತು ಬೆರಳಾಡಿಸಿದರೆ ಇಳಿದ ಹುಳು ಗಾಬರಿಯಾಗಿ ಚದುರುತ್ತದೆ.

ಕೆರೆಯಲು ಸಲಿಕೆಯೂ ಬೇಡ, ಚಮಚವೂ ಬೇಡ. ತೆಂಗಿನ ಕರಟ ತಗೊಳ್ಳಿ, ನಮ್ಮ ಕಡೆ ಗರಟೆ ಅನ್ನುತ್ತೇವೆ. ಮೂರು ಕಣ್ಣಿರುವ ಅರ್ಧವಲ್ಲ, ಅದರ ಇನ್ನೊಂದು ಅರ್ಧ. ನಾರೆಲ್ಲ ಕೆರೆದು, ಅಂಚನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಹಾಕಿ ಸುತ್ತಲೂ ತಿಕ್ಕಿ. ತುಟಿಗೆ ಸವರಿದರೂ ಚುಚ್ಚಬಾರದು, ಅಷ್ಟು ನುಣುಪಾಗಬೇಕು. ನನ್ನ ಗರಟೆ ಹದಿನಾಲ್ಕು ವರ್ಷದ್ದು, ಅಂಚು ಸವೆದು ಹಳೆಯ ಮರದ ಸೌಟಿನ ಹಾಗಾಗಿದೆ. ಕೆಲಸದವಳು ಒಮ್ಮೆ ಒಲೆಗೆ ಹಾಕಲು ಹೊರಟಿದ್ದಳು, ಕೈಯಿಂದ ಕಸಿದುಕೊಂಡೆ. ಕಬ್ಬಿಣದ ಅಂಚು ತೆಳು, ಹುಳು ಸಿಕ್ಕಿದರೆ ಕತ್ತರಿಸಿಯೇ ಬಿಡುತ್ತದೆ. ಗರಟೆಯ ಅಂಚು ದಪ್ಪ, ದುಂಡು, ಹುಳು ಸಿಕ್ಕಿದರೂ ಅದರ ಕೆಳಗೆ ಜಾರಿಕೊಂಡು ಹೋಗುತ್ತದೆ.

ಗರಟೆಯನ್ನು ಅಂಗೈಗೆ ಒಪ್ಪುವ ಹಾಗೆ ಹಿಡಿದು, ರಾಶಿಯ ತುದಿಯಿಂದ ಬುಡಕ್ಕೆ, ಮೇಲಿನಿಂದ ಕೆಳಕ್ಕೆ ಮಾತ್ರ ಸವರಿ. ಕೆಳಗಿನಿಂದ ಮೇಲಕ್ಕೆ ಎಂದೂ ಬೇಡ, ರಾಶಿಯ ಬುಡ ಕುಸಿದು ಹುಳು ಹೊರಬೀಳುತ್ತದೆ. ದೋಸೆಯ ದಪ್ಪದಷ್ಟು ಪದರ ಬರಬೇಕು, ಅದಕ್ಕಿಂತ ಹೆಚ್ಚಿಗೆ ಆಸೆ ಪಡಬೇಡಿ. ಸುತ್ತಲೂ ಒಂದು ಸುತ್ತು ಬನ್ನಿ. ಕೆಂಪು ಬಾಲವೊಂದು ಮಿಣ್ಣಗೆ ಕಂಡು ಒಳಕ್ಕೆ ಸರಿದರೆ ಆ ಜಾಗದಲ್ಲಿ ಕೈ ನಿಲ್ಲಿಸಿ. ಬಾಲ ಹಿಡಿದು ಎಳೆಯಬೇಡಿ, ಅದರ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಮುಳ್ಳುಗೂದಲಿವೆ. ಅವನ್ನು ಮಣ್ಣಿಗೆ ಊರಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಕೆರೆದದ್ದನ್ನು ಒಂದು ಅಗಲ ಟಬ್ಬಿಗೆ ಹಾಕಿ, ಎರಡನೇ ರಾಶಿಗೆ ಹೋಗಿ, ಮೂರನೆಯದಕ್ಕೆ ಹೋಗಿ.

ಒಂದು ಸುತ್ತು ಮುಗಿದ ಮೇಲೆ ಎಲ್ಲರೂ ತಪ್ಪುವುದು ಇಲ್ಲಿ: ರಾಶಿಗಳು ಚಪ್ಪಟೆಯಾಗಿರುತ್ತವೆ, ಹಾಗೇ ಮತ್ತೆ ಕೆರೆಯಲು ಹೊರಡುತ್ತಾರೆ. ಗರಟೆಯ ಬೆನ್ನಿನಿಂದ ಸುತ್ತ ಮೆಲ್ಲಗೆ ಒತ್ತಿ ಮತ್ತೆ ಮೊನಚು ಮಾಡಿ, ಮತ್ತೆ ಎದ್ದು ಹೋಗಿ. ಹೀಗೆ ಐದಾರು ಸಲ. ಮಧ್ಯೆ ಮಧ್ಯೆ ನಾನು ಕಾಯಿ ತುರಿಯುತ್ತೇನೆ, ಬೇಳೆ ಆರಿಸುತ್ತೇನೆ. ಊಟದ ಹೊತ್ತಿಗೆ ಅಡುಗೆಯೂ ಆಗಿರುತ್ತದೆ, ರಾಶಿಯೂ ಕರಗಿರುತ್ತದೆ. ಕೊನೆಗೆ ಪ್ರತಿ ರಾಶಿಯಲ್ಲಿ ಉಳಿಯುವುದು ಒಂದು ಹಿಡಿ, ಬೇಯಿಸಿದ ಶ್ಯಾವಿಗೆ ಉಂಡೆ ಕಟ್ಟಿದ ಹಾಗೆ ಒಂದಕ್ಕೊಂದು ಸುತ್ತಿಕೊಂಡ ಹುಳು. ಒಂದಕ್ಕೂ ಗಾಯವಿಲ್ಲ. ಮೊದಲ ಸಲ ಅದನ್ನು ಕಂಡ ನನ್ನ ಮೊಮ್ಮಗ ಕೈ ಒಡ್ಡಿ ಇಸಿದುಕೊಂಡ, ಅದಕ್ಕೆ ಮೊದಲು ಹುಳು ಅಂದರೆ ಮಾರು ದೂರ ಹಾರುತ್ತಿದ್ದವನು. ನಾಲ್ಕು ಹನಿ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ.

ಟಬ್ಬಿನಲ್ಲಿರುವ ಗೊಬ್ಬರವನ್ನು ಆಗಲೇ ಗಿಡಕ್ಕೆ ಹಾಕಿ ಮುಗಿಸಬೇಡಿ. ಅದರಲ್ಲಿ ಹುಳುವಿನ ಮೊಟ್ಟೆಯ ಗೂಡುಗಳಿವೆ. ಸ್ವಲ್ಪ ಗೊಬ್ಬರವನ್ನು ಅಂಗೈಯಲ್ಲಿ ಹರಡಿ, ಕನ್ನಡಕ ಹಾಕಿಕೊಂಡು ನೋಡಿ. ರಾಗಿಗಿಂತ ದೊಡ್ಡ, ಮೆಂತೆಗಿಂತ ಚಿಕ್ಕ ಕಾಳಿನ ಹಾಗೆ, ಒಂದು ತುದಿಗೆ ನಿಂಬೆಹಣ್ಣಿನ ಮೂತಿಯಂತೆ ಚೂಪು. ಹೊಸದು ತಿಳಿ ಹಳದಿ, ಮರಿ ಬರುವ ಹೊತ್ತಿಗೆ ಕೆಂಪುಗಂದು. ಎಷ್ಟೋ ಜನ ಇದನ್ನು ಯಾವುದೋ ಬೀಜವೆಂದು ಆರಿಸಿ ಎಸೆಯುತ್ತಾರೆ. ಕೆಂಪು ಹುಳುವಿನ ಒಂದು ಗೂಡಿನಿಂದ ಎರಡು ಮೂರು ಮರಿ ಬರುತ್ತವೆ, ಅದಕ್ಕೆ ಸುಮಾರು ಮೂರು ವಾರ ಬೇಕು. ಆದ್ದರಿಂದ ಟಬ್ಬಿಗೆ ತೆಳು ಹತ್ತಿ ಬಟ್ಟೆ ಕಟ್ಟಿ ನೆರಳಲ್ಲಿಡಿ, ಒಣಗದಂತೆ ಆಗಾಗ ಚಿಮುಕಿಸಿ. ಮೂರು ವಾರದ ಮೇಲೆ ಕಲ್ಲಂಗಡಿಯದೋ ಕರಬೂಜದ್ದೋ ಸಿಪ್ಪೆಯನ್ನು ತಿರುಳಿನ ಕಡೆ ಕೆಳಗಾಗಿ ಮೇಲೆ ಬೋರಲು ಹಾಕಿ. ಎರಡು ದಿನ ಬಿಟ್ಟು ಎತ್ತಿದರೆ ಬಿಳಿ ನೂಲಿನಂಥ ಮರಿಗಳು ಸಿಪ್ಪೆಗೆ ಅಂಟಿಕೊಂಡಿರುತ್ತವೆ. ಸಿಪ್ಪೆ ಸಮೇತ ಡಬ್ಬಿಗೆ ಹಾಕಿ. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ.

ಜರಡಿ ಹಿಡಿಯುವುದು ಇದಾದ ಮೇಲೆ. ಗೋಧಿ ಜಾಲಿಸುವ ದೊಡ್ಡ ಕಣ್ಣಿನ ಹಳೆಯ ಜರಡಿ ಸಾಕು, ಆಡಿಸಬೇಕು, ಉಜ್ಜಬಾರದು. ಮೇಲೆ ಉಳಿದದ್ದು ಮತ್ತೆ ಡಬ್ಬಿಗೆ. ಬಿದ್ದ ಗೊಬ್ಬರವನ್ನು ಬಟ್ಟೆ ಚೀಲದಲ್ಲಿ ಇಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಕ್ಕೆ ತುರುಕಿದರೆ ಮುಗ್ಗುತ್ತದೆ. ಮಲ್ಲಿಗೆ ಕುಂಡಕ್ಕೆ ಒಂದೆರಡು ಹಿಡಿ, ಕರಿಬೇವಿಗೂ ಅಷ್ಟೇ. ಬುಡಕ್ಕೆ ತಾಗದಂತೆ ಕುಂಡದ ಅಂಚಿಗೆ ಹಾಕಿ, ಮೇಲೆ ಸ್ವಲ್ಪ ಮಣ್ಣು ಎಳೆದು ನೀರು ಕೊಡಿ. ಡಬ್ಬಿಯ ತಳದಲ್ಲಿ ಸೋರುವ ನಾರುವ ಕಪ್ಪು ನೀರನ್ನು ಅಮೃತವೆಂದು ಬಾಟಲಿಗೆ ತುಂಬಬೇಡಿ. ನೀರು ಹೆಚ್ಚಾಗಿದೆ, ಒಣ ಎಲೆ ಹಾಕು ಎಂದು ಡಬ್ಬಿ ಹೇಳುತ್ತಿದೆ ಅಷ್ಟೇ.

ತೋಟದಿಂದ ಅಗೆದು ತಂದ ದಪ್ಪ ಎರೆಹುಳುವನ್ನು ಇದಕ್ಕೆ ಸೇರಿಸಲು ಹೋಗಬೇಡಿ. ಅದು ಮಣ್ಣಿನ ಆಳದಲ್ಲಿ ಬಾಳುವ ಜಾತಿ, ಸಿಪ್ಪೆಯ ಡಬ್ಬಿಯಲ್ಲಿ ಉಳಿಯುವುದಿಲ್ಲ. ಕೊಳೆತದ್ದನ್ನು ತಿನ್ನುವ ಕೆಂಪು ಹುಳುವೇ ಬೇಕು.

ಹುಳು ಮರಳಿ ಹಾಕುವ ಮೊದಲು ಡಬ್ಬಿಯನ್ನು ಬರೀ ನೀರಲ್ಲಿ ತೊಳೆಯಿರಿ, ಸೋಪು ಫಿನಾಯಿಲ್ ಹತ್ತಿರ ತರಬೇಡಿ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ನೆನೆಸಿ ಹಿಂಡಿದ ಒಣ ಎಲೆ ಒಂದು ಗೇಣು, ನಡುವೆ ಎರಡು ಹಿಡಿ ಹಳೆಯ ಗೊಬ್ಬರ. ಸಗಣಿ ಸಿಕ್ಕಿದರೆ ಹದಿನೈದು ದಿನ ಹಳತಾದದ್ದು ಮಾತ್ರ. ಹಸಿ ಸಗಣಿ ಕಾವೇರುತ್ತದೆ, ಮೊದಲ ವರ್ಷ ನಾನು ಅದನ್ನು ಹಾಕಿ ಡಬ್ಬಿಯಷ್ಟು ಹುಳು ಕಳೆದುಕೊಂಡೆ, ಮೂರು ದಿನ ಆ ಬಾಲ್ಕನಿ ಕಡೆ ಹೋಗಲು ಮನಸ್ಸಾಗಲಿಲ್ಲ. ಹುಳುವಿನ ಉಂಡೆಗಳನ್ನು ಎಲೆಯ ಮೇಲೆ ಇಟ್ಟು ಮುಚ್ಚಳ ತೆರೆದೇ ಬಿಡಿ. ಬೆಳಕಿಗೆ ತಾವೇ ಒಳಗಿಳಿಯುತ್ತವೆ. ಎಲ್ಲ ಇಳಿದ ಮೇಲೆ, ಆಗ ತೆಗೆದಿಟ್ಟ ಅರೆಬರೆ ಸಿಪ್ಪೆಯನ್ನು ಮೇಲೆ ಹರಡಿ, ಒದ್ದೆ ಗೋಣಿ ಹೊದಿಸಿ ಮುಚ್ಚಿ. ಹೊಸ ಸಿಪ್ಪೆ ನಾಲ್ಕು ದಿನ ಬೇಡ. ಆ ನಾಲ್ಕು ದಿನ ಮುಚ್ಚಳ ತೆಗೆದು ಇಣುಕುವುದೂ ಬೇಡ.