ತಾನೇ ನುಡಿಯುವ ರೀಡ್ ಆರ್ಗನ್: ಮಲೆನಾಡಿನಲ್ಲಿ ದುರಸ್ತಿ ಮತ್ತು ಆರೈಕೆ

ಹಿಡಿಕೆ ತಿರುಗಿಸಿದರೆ ತಾನೇ ಹಾಡು ನುಡಿಸುವ ರೀಡ್ ಆರ್ಗನ್‌ಗಳು (ಗಾಳಿಗೆ ಕಂಪಿಸುವ ತೆಳು ಲೋಹದ ನಾಲಿಗೆಗಳಿಂದ, ಅಂದರೆ ರೀಡುಗಳಿಂದ, ಸ್ವರ ಹೊರಡಿಸುವ ಪೆಟ್ಟಿಗೆಗಳು) 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ ಮತ್ತು ಜರ್ಮನಿಗಳಲ್ಲಿ ತಯಾರಾದವು. ಲೈಪ್‌ಜಿಗ್‌ನ ಅರಿಸ್ಟನ್ ರಂಧ್ರ ಕೊರೆದ ರಟ್ಟಿನ ತಟ್ಟೆಯಿಂದ 24 ಸ್ವರಗಳನ್ನು ನುಡಿಸಿದರೆ, ನ್ಯೂಯಾರ್ಕ್ ರಾಜ್ಯದ ಇಥಾಕಾದ ಜೆಮ್ ಮಾದರಿ ಮೊಳೆ ಬಡಿದ ಮರದ ಉರುಳೆಯಿಂದ 20 ಸ್ವರಗಳನ್ನು ನುಡಿಸುತ್ತದೆ. ಗ್ರಾಮಫೋನ್ ಎಂದೋ ಯಾರೋ ಹಾಡಿದ್ದನ್ನು ಮರಳಿ ಕೇಳಿಸುತ್ತದೆ. ಇಲ್ಲಿ ಹಿತ್ತಾಳೆಯ ರೀಡು ನಮ್ಮೆದುರೇ ಕಂಪಿಸುತ್ತದೆ. ಅದರ ಸೊಗಸಿರುವುದು ಅಲ್ಲಿಯೇ. ರಂಧ್ರ ಕೊರೆದ ಕಾಗದದ ಸುರುಳಿಯಿಂದ ನುಡಿಯುವ ಇನ್ನೊಂದು ಮಾದರಿಯನ್ನಷ್ಟೇ ಇಲ್ಲಿ ವಿವರಿಸುತ್ತೇನೆ, ಏಕೆಂದರೆ ತೀರ್ಥಹಳ್ಳಿ, ಸಾಗರದ ಕಡೆಯ ತೇವಕ್ಕೆ ಮೊದಲು ಸೋಲುವುದು ಅದೇ.

ನಮ್ಮ ಹಾರ್ಮೋನಿಯಂನ ತಿದಿ ಗಾಳಿಯನ್ನು ರೀಡುಗಳ ಮೂಲಕ ಹೊರಕ್ಕೆ ಒತ್ತುತ್ತದೆ. ಸುರುಳಿಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ: ಕಾಗದದ ರಂಧ್ರ ರೀಡಿನ ಕಂಡಿಯ ಮೇಲೆ ಬಂದಾಗ ಹೊರಗಾಳಿ ಒಳನುಗ್ಗಿ ಸ್ವರ ಹೊರಡುತ್ತದೆ. ಆದ್ದರಿಂದ ಹಾರ್ಮೋನಿಯಂ ದುರಸ್ತಿಯವರಿಗೆ ಪೆಟ್ಟಿಗೆಯನ್ನು ಒಪ್ಪಿಸುವಾಗ, ತಿದಿಯ ಚರ್ಮದ ಕವಾಟಗಳು ಯಾವ ಮುಖವಾಗಿದ್ದವೋ ಹಾಗೆಯೇ ಕೂರಿಸುವಂತೆ ಹೇಳಲೇಬೇಕು.

ರೀಡುಗಳನ್ನು ಮುಟ್ಟುವ ಮೊದಲು ಗಾಳಿಯನ್ನು ಪರೀಕ್ಷಿಸಬೇಕು. ಒಂದು ರಂಧ್ರವೂ ಇಲ್ಲದ ಕಾಗದವನ್ನು ಸುರುಳಿಯ ಜಾಗದಲ್ಲಿ ಹಾಸಿ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದರೆ, ಪೆಟ್ಟಿಗೆ ಮೌನವಾಗಿದ್ದು ಹಿಡಿಕೆ ಕ್ರಮೇಣ ಬಿಗಿಯಾಗಬೇಕು. ಯಾವುದಾದರೂ ಸ್ವರ ಸಣ್ಣಗೆ ಕೇಳಿಸಿದರೆ ಆ ಕಂಡಿಯ ಬಳಿ ಕಾಗದ ಸರಿಯಾಗಿ ಒತ್ತಿಕೊಂಡಿಲ್ಲ, ಇಲ್ಲವೇ ಹಲಗೆ ಬಿರಿದಿದೆ. ಸ್ವರವೇ ಇಲ್ಲದೆ ಹಿಡಿಕೆ ಹಗುರವಾಗಿಯೇ ತಿರುಗಿದರೆ ತಿದಿಯ ಬಟ್ಟೆ ಸೋರುತ್ತಿದೆ. ಕತ್ತಲೆಯ ಕೋಣೆಯಲ್ಲಿ ತಿದಿಯೊಳಗೆ ಪುಟ್ಟ ಟಾರ್ಚ್ ಇಟ್ಟರೆ ಮಡಿಕೆಯ ಮೂಲೆಗಳಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ತೇಪೆ ಹೆಚ್ಚು ಕಾಲ ಬಾಳುವುದಿಲ್ಲವಾದ್ದರಿಂದ ಬಟ್ಟೆಯನ್ನು ಪೂರ್ತಿ ಬದಲಿಸುವುದು ಮೇಲು. ಅದನ್ನು ಬಿಸಿ ಸರೇಸಿನಿಂದಲೇ (ಪ್ರಾಣಿಗಳ ತೊಗಲಿನಿಂದ ಮಾಡಿದ ಅಂಟಿನಿಂದ) ಅಂಟಿಸಬೇಕು. ಮುಂದೆ ಬಿಚ್ಚಬೇಕಾದಾಗ ಶಾಖ ಮತ್ತು ನೀರಿಗೆ ಅದು ಬಿಟ್ಟುಕೊಡುತ್ತದೆ, ಬಿಳಿ ಗೋಂದು ಹಾಗಲ್ಲ.

ರೀಡುಗಳ ವಿಷಯದಲ್ಲಿ ಆತುರ ಸಲ್ಲದು. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಎಷ್ಟೋ ಮೂಕ ಸ್ವರಗಳು ಮರಳುತ್ತವೆ. ನಾಲಿಗೆಯ ತುದಿಯನ್ನು ಅರದಿಂದ ಉಜ್ಜಿದರೆ ಶ್ರುತಿ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಉಜ್ಜಿ ಹೋದ ಹಿತ್ತಾಳೆ ಮರಳಿ ಬಾರದು.

ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಂತೂ ಆಷಾಢದಲ್ಲಿ ಕಾಗದ ಅಗಲಕ್ಕೆ ಹಿಗ್ಗಿ, ರಂಧ್ರಗಳು ಕಂಡಿಗಳಿಂದ ಸರಿದು, ಪಕ್ಕದ ಸ್ವರವೂ ಜೊತೆಗೆ ಕೂಗುತ್ತದೆ. ಅದು ಶ್ರುತಿದೋಷವಲ್ಲ, ಬೇಸಗೆಗೆ ಕಾದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಟ್ಟರೆ ಮಸಿ ರೀಡುಗಳಿಗೆ ಹತ್ತುತ್ತದೆ, ಹಲಗೆಯೂ ಬಿರಿಯುತ್ತದೆ. ಒಳಕೋಣೆಯಲ್ಲಿ, ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡಬೇಕು. ಗೆದ್ದಲಿಗೆ ಹಳೆಯ ಕಾಗದವೆಂದರೆ ಹಬ್ಬ.

ಒಂದೇ ಹಿಡಿಕೆ ತಿದಿಯನ್ನೂ ಸುರುಳಿಯನ್ನೂ ನಡೆಸುವುದರಿಂದ ತಾಳ ನುಡಿಸುವವರ ಕೈಯಲ್ಲಿರುತ್ತದೆ. ಹಲವು ಸ್ವರಗಳು ಒಟ್ಟಿಗೆ ಬಂದಾಗ ಗಾಳಿ ಬೇಗ ಖರ್ಚಾಗುತ್ತದೆ. ಆಗ ಕೈಯ ವೇಗ ಬದಲಿಸಬಾರದು. ಬೇಸಗೆಯಲ್ಲಿ ಕಾಗದ ಒಣಗಿರುವಾಗಲೇ ಮೂಲ ಸುರುಳಿಯ ರಂಧ್ರಗಳನ್ನು ಹೊಸ ಕಾಗದದ ಮೇಲೆ ಗುರುತಿಸಿ, ಚೂಪಾದ ಬ್ಲೇಡಿನಿಂದ ಕತ್ತರಿಸಿಕೊಂಡು, ಆ ನಕಲನ್ನೇ ನುಡಿಸುವುದು ಒಳ್ಳೆಯದು.