ಕಾಫಿ ಚೀಲದಲ್ಲಿ ಅಜ್ಜನ ಕಾಟಿ ತಲೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯ ಗೋಡೆ ಮೇಲಿರುವ ಕಾಟಿ (ಕಾಡುಕೋಣ) ತಲೆಗೆ ಓನರ್‌ಶಿಪ್ ಸರ್ಟಿಫಿಕೇಟ್ ಇದೆ. ಅಜ್ಜ ಹೊಡೆದಿದ್ದು 1958ರಲ್ಲಿ. ಆಗ ಶಿಕಾರಿಗೆ ಲೈಸೆನ್ಸ್ ಸಿಗುತ್ತಿತ್ತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿರಲಿಲ್ಲ. ತುಂಬಿಸಿದ್ದು ಮೈಸೂರಿನ ವ್ಯಾನ್ ಇಂಗೆನ್‌ನವರು, ಶಿಕಾರಿಯ ಪ್ರಾಣಿಗಳನ್ನು ಹೀಗೆ ತುಂಬಿಸಿ ಕೊಡುತ್ತಿದ್ದ ಕಂಪನಿ. ಹಲಗೆಯ ಹಿಂದೆ ಅವರ ಚೀಟಿ ಇನ್ನೂ ಇದೆ. ಮನೆಯಲ್ಲಿ ಇಂಥದ್ದು ಇರುವವರಿಗೆ ಧೂಳು ಹೇಗೆ ತೆಗೆಯಬೇಕು, ಬ್ರಷ್ ಯಾವುದು ಅಂತೆಲ್ಲ ನಾನು ಹೇಳಬೇಕಿಲ್ಲ, ಅಲ್ವಾ.

ತೊಂದರೆ ಶುರುವಾಗಿದ್ದು ಎಡಗಿವಿಯಿಂದ. ಆರು ವರ್ಷದ ಹಿಂದೆ ಅದು ಸೀಳಿತ್ತು. ವ್ಯಾನ್ ಇಂಗೆನ್ ಅಂತೂ 1999ರಲ್ಲೇ ಮುಚ್ಚಿತು, ಹಾಗಾಗಿ ಯಾರೋ ಹೇಳಿದರು ಅಂತ ಪೇಟೆಯಿಂದ ಒಬ್ಬನನ್ನು ಕರೆಸಿದೆ. ಅವನು ಮಾಮೂಲಿ ಚರ್ಮದ ತೇಪೆ ಹಾಕಿ ನಾಲ್ಕು ಸಾವಿರ ತೆಗೆದುಕೊಂಡು ಹೋದ. ಹಳೇ ಚರ್ಮಕ್ಕೆ ಆರ್ಸೆನಿಕ್ ಹಚ್ಚಿತ್ತು, ಅದಕ್ಕೇ ಅರವತ್ತು ವರ್ಷ ಹುಳ ಹತ್ತಿರ ಬಂದಿರಲಿಲ್ಲ. ತೇಪೆಗೆ ಏನೂ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಕೆಳಗಿನ ಸೋಫಾ ಮೇಲೆ ಮರದ ಹೊಟ್ಟಿನಂಥ ಪುಡಿ, ಜೊತೆಗೆ ಕೂದಲು ಕೂದಲಾದ ಸಣ್ಣ ಪೊರೆಗಳು. ಕೂದಲು, ಚರ್ಮ ತಿನ್ನುವ ಕಾರ್ಪೆಟ್ ಬೀಟಲ್ ಅನ್ನುವ ಹುಳದ ಮರಿ. ಕಿವಿ ಮುಗಿಸಿ ಕತ್ತಿನ ಹೊಲಿಗೆಗೆ ಇಳಿದಿತ್ತು.

ಆಮೇಲೆ ನಾನು ಮಾಡಿದ್ದೆಲ್ಲ ದಂಡ. ಕೀಟ ಹೊಡೆಯುವವರನ್ನು ಕರೆಸಿದೆ, ಮೂರೂವರೆ ಸಾವಿರ. ಅವರ ಎಣ್ಣೆ ಔಷಧಿಗೆ ಕೂದಲೆಲ್ಲ ಅಂಟಂಟಾಗಿ ಧೂಳು ಹಿಡಿಯಿತು, ಹುಳ ಆರಾಮಾಗಿತ್ತು. ನುಸಿಗುಳಿಗೆ ಕಟ್ಟಿದ್ದಕ್ಕೆ ಬಂದ ನೆಂಟರಿಗೆ ತಲೆನೋವು. ಅತ್ತೆ ಮಾತು ಕೇಳಿ ಬಚ್ಚಲ ಹಂಡೆ ಒಲೆಯ ಹೊಗೆಗೆ ಒಂದು ವಾರ ತೂಗುಹಾಕಿದೆ. ಅದು ಮಾತ್ರ ನನ್ನ ಶುದ್ಧ ಪೆದ್ದುತನ. ಬಿಸಿಗೆ ಮೂಗು ಬಿರುಕು ಬಿಟ್ಟಿತು.

ಫ್ರೀಜರ್‌ನಲ್ಲಿಟ್ಟರೆ ಹುಳ ಸಾಯುತ್ತದೆ ಅಂತ ಗೊತ್ತಿಲ್ಲ ಅಂತಲ್ಲ. ಕಾಡುಕುರಿ ತಲೆಯೊಂದಿದೆ, ಅದನ್ನು ಪ್ಲಾಸ್ಟಿಕ್ ಸುತ್ತಿ ಹಳೇ ಐಸ್‌ಕ್ರೀಂ ಫ್ರೀಜರ್‌ನಲ್ಲಿ ಮೈನಸ್ 20ಕ್ಕೆ ಎರಡು ವಾರ ಇಟ್ಟೆ. ಫ್ರೀಜರ್ ಸೆಕೆಂಡ್ ಹ್ಯಾಂಡ್, ಎಂಟು ಸಾವಿರದ ಹತ್ತಿರ. ಮೊದಲ ಸಲ ಜುಲೈನಲ್ಲಿ ಇಟ್ಟು ಕೆಟ್ಟೆ. ಎರಡು ದಿನ ಕರೆಂಟೇ ಇರಲಿಲ್ಲ, ಎಲ್ಲ ಕರಗಿತು. ಫೆಬ್ರವರಿಯಲ್ಲಿ ಮತ್ತೆ ಮಾಡಿದೆ, ಆಯಿತು. ಹೊರಗೆ ತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬೇಡಿ, ಬೆವರುತ್ತದೆ. ಆದರೆ ಕಾಟಿ? ಕೊಂಬಿನ ಅಗಲವೇ ಮೂರಡಿ ಹತ್ತಿರ. ಯಾವ ಫ್ರೀಜರ್‌ಗೆ ತುರುಕಲಿ?

ಹೊಳೆದಿದ್ದು ಗೋಡೌನ್‌ನಲ್ಲಿ. ಕಾಫಿ ಬೀಜಕ್ಕೆ ಹುಳ ಬೀಳದಿರಲಿ ಅಂತ ಗಾಳಿಯಾಡದ ಚೀಲ ತರುತ್ತೇವಲ್ಲ, ಅದರೊಳಗೆ ಆಕ್ಸಿಜನ್ ಇಲ್ಲದೆ ಹುಳ ಸಾಯುತ್ತದೆ. ಕಾಟಿಗೂ ಅದೇ ಮಾಡಿದರೆ? ಭಾವ ಬಿದ್ದು ಬಿದ್ದು ನಕ್ಕರು. "ಅಜ್ಜ ಇದ್ದಿದ್ದರೆ ನಿನ್ನನ್ನೇ ಚೀಲಕ್ಕೆ ಹಾಕುತ್ತಿದ್ದರು" ಅಂದರು.

ನಾಲ್ಕು ಚೀಲ ಕತ್ತರಿಸಿ ಸೀಲಿಂಗ್ ಮೆಷಿನ್‌ನಲ್ಲಿ ಜೋಡಿಸಿದೆ. ಒಳಗೆ ಆಕ್ಸಿಜನ್ ಹೀರುವ ಪ್ಯಾಕೆಟ್, 2000 ಸಿಸಿಯದ್ದು, ಅಂದರೆ ಒಂದೊಂದೂ ಎರಡು ಲೀಟರ್ ಆಕ್ಸಿಜನ್ ಹೀರುತ್ತದೆ. ಆಕ್ಸಿಜನ್ ತೋರಿಸುವ ಗುಳಿಗೆಯನ್ನು ಪಾರದರ್ಶಕ ಕಡೆ ಅಂಟಿಸಿದೆ. ಆಕ್ಸಿಜನ್ ಹೋದರೆ ಅದು ಗುಲಾಬಿ, ಇದ್ದರೆ ನೀಲಿ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಗಾಳಿ ಎಳೆದೆ, ಉಳಿದಿದ್ದು 100 ಲೀಟರ್ ಅಂತ ಅಂದಾಜು. ಅದರಲ್ಲಿ ಆಕ್ಸಿಜನ್ 21 ಲೀಟರ್, ಹನ್ನೊಂದು ಪ್ಯಾಕೆಟ್ ಸಾಕಿತ್ತು, ಒಂದು ಜಾಸ್ತಿಯೇ ಇರಲಿ ಅಂತ 12 ಹಾಕಿದೆ. ವಾರವಾದರೂ ಗುಳಿಗೆ ನೀಲಿ. ಆಮೇಲೆ ನನಗೆ ಹೊಳೆಯಿತು, ಕಾಟಿಯ ಚರ್ಮದೊಳಗಿನ ಅಚ್ಚು ಕಾಗದದ್ದು, ಒಳಗೆ ಟೊಳ್ಳು, ಅಲ್ಲಿನ ಗಾಳಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಎರಡನೇ ಸಲ 25 ಹಾಕಿದೆ. ಗುಲಾಬಿ ಬಂತು, ಮೂರನೇ ದಿನ ಮತ್ತೆ ನೀಲಿ. ಕೊಂಬಿನ ತುದಿ ಚೀಲಕ್ಕೆ ಚುಚ್ಚಿತ್ತು. ಮಗನ ಟೆನಿಸ್ ಬಾಲ್ ಕತ್ತರಿಸಿ ಕೊಂಬಿಗೆ ಟೋಪಿ ಹಾಕಿದೆ. ಮೂರನೇ ಸಲ ನಿಂತಿತು. ಏಪ್ರಿಲ್ ಸೆಕೆಯಲ್ಲಿ ನಾಲ್ಕು ವಾರ ಬಿಟ್ಟೆ. ಸೀಲ್ ಮಾಡುವ ಮುಂಚೆ ಜೋಡಣೆಗೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ.

ಪ್ಯಾಕೆಟ್ಟೆಲ್ಲ ಸೇರಿ ಎರಡೂವರೆ ಸಾವಿರ, ಚೀಲ ಎಂಟುನೂರೋ ಒಂಬೈನೂರೋ. ಎರಡು ಮಳೆಗಾಲ ಕಳೆಯಿತು, ಸೋಫಾ ಮೇಲೆ ಒಂದು ಚಿಟಿಕೆ ಪುಡಿ ಬಿದ್ದಿಲ್ಲ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ಏಳುನೂರು ರೂಪಾಯಿಯ ತೇವಾಂಶ ಮೀಟರನ್ನು ಹಲಗೆಯ ಹಿಂದೆ ಇಟ್ಟರೆ ಶೇಕಡಾ 92, ಕೋಣೆ ನಡುವೆ 80. ಗೋಡೆ ಮಳೆ ಹೊಡೆಯುವ ಕಡೆಯದು. ತಲೆಯನ್ನು ಒಳಗೋಡೆಗೆ ಬದಲಿಸಿ, ಹಿಂದೆ ಮೂರಿಂಚಿನ ಮರದ ತುಂಡು ಕೊಟ್ಟೆ. ಗಾಳಿ ಆಡಿತು, ಬೂಷ್ಟು ನಿಂತಿತು. ಕೊಂಬಿಗೆ ತೆಂಗಿನೆಣ್ಣೆ ಬೇಡ, ಧೂಳೂ ಇರುವೆಯೂ ಬರುತ್ತವೆ. ನಾನು ಮೇಣ ಹಚ್ಚುತ್ತೇನೆ. ಮೂಗಿನ ಬಿರುಕನ್ನೂ ಮೇಣದಿಂದಲೇ ತುಂಬಿದೆ. ಯಾವ ಮೇಣಕ್ಕೆ ಏನು ಬೆರೆಸಿದೆ ಅಂತ ಮನೆಗೆ ಬಂದರೆ ಹೇಳುತ್ತೇನೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಳೇ ತಲೆ ಮುಟ್ಟುವಾಗ ಗ್ಲೌಸ್, ಎನ್-95 ಮಾಸ್ಕ್ ಬೇಕೇ ಬೇಕು. ಆ ಧೂಳಲ್ಲಿ ಆರ್ಸೆನಿಕ್ ಇರುತ್ತದೆ. ಅದಕ್ಕೇ ಆ ಚೀಲ ಮತ್ತೆ ಕಾಫಿಗೆ ಹೋಗದಿರಲಿ ಅಂತ ಮೇಲೆ ಕೆಂಪು ಪೇಂಟಲ್ಲಿ ದೊಡ್ಡದಾಗಿ ಬರೆದಿಟ್ಟೆ. ಈಗ ಭಾವ ಅದೇ ಚೀಲ ಕೇಳುತ್ತಿದ್ದಾರೆ, ಅವರ ಮನೆ ಕಡವೆ ತಲೆಗೆ. ಅಷ್ಟು ಕವಲು ಕೊಂಬಿಗೆ ಎಷ್ಟು ಟೆನಿಸ್ ಬಾಲ್ ಬೇಕು, ಎಣಿಸಿಕೊಂಡು ಬನ್ನಿ ಅಂದಿದ್ದೇನೆ.