ಜೋಡಿಯಾಗಿ ಮೊದಲ ಸಲ ಯೂರೋಪ್ ರೈಲ್ ಟ್ರಿಪ್ ಹೋಗೋರಿಗೆ

ಇಂಡಿಯಾದಿಂದ ಹೋಗೋರು ತಗೋಬೇಕಾಗಿರೋದು ಯೂರೇಲ್ ಪಾಸ್ (ಒಂದೇ ಪಾಸಲ್ಲಿ ಯೂರೋಪಿನ ಹಲವು ದೇಶದ ರೈಲು ಹತ್ತಬಹುದು), ಇಂಟರ್‌ರೇಲ್ ಪಾಸ್ ಯೂರೋಪಲ್ಲೇ ವಾಸ ಇರೋರಿಗೆ. ಇಬ್ರಿಗೂ ಬೇರೆ ಬೇರೆ ಪಾಸ್ ಬೇಕು. ದಿನಾ ರೈಲು ಹತ್ತೋ ಪ್ಲಾನ್ ಬೇಡ, ಒಂದು ತಿಂಗಳಲ್ಲಿ 7 ದಿನ ಓಡಾಡೋ ಪಾಸ್ ಧಾರಾಳ ಸಾಕು, ಒಂದೊಂದು ಊರಲ್ಲಿ ಮೂರು ರಾತ್ರಿ ಉಳ್ಕೊಳ್ಳಿ, ಇಲ್ಲಾಂದ್ರೆ ಸೂಟ್‌ಕೇಸ್ ಎಳೆದೂ ಎಳೆದೂ ಇಬ್ರಿಗೂ ಸಿಡುಕು ಶುರುವಾಗತ್ತೆ. ಪಾಸ್ ಇದ್ರೂ ಫ್ರಾನ್ಸಿನ ಹೈಸ್ಪೀಡ್ ರೈಲು ಟಿಜಿವಿ, ಲಂಡನ್-ಪ್ಯಾರಿಸ್ ಮಧ್ಯೆ ಓಡೋ ಯೂರೋಸ್ಟಾರ್‌ಗೆಲ್ಲಾ ಸೀಟ್ ರಿಸರ್ವೇಶನ್ ದುಡ್ಡು ಬೇರೆ ಕಟ್ಬೇಕು, ಅದನ್ನ ಮೊದ್ಲೇ ಮಾಡಿಟ್ಕೊಳ್ಳಿ; ಜರ್ಮನಿ, ಸ್ವಿಟ್ಜರ್ಲೆಂಡಲ್ಲಿ ಬಹುತೇಕ ರೈಲಿಗೆ ಸುಮ್ನೆ ಹತ್ತಿ ಕೂರಬಹುದು. ಸ್ವಿಟ್ಜರ್ಲೆಂಡಿನ ಪ್ರವಾಸಿ ರೈಲು ಬರ್ನಿನಾ ಎಕ್ಸ್‌ಪ್ರೆಸ್ ಸೀಟ್ ಸಿಗ್ಲಿಲ್ಲ ಅಂತ ಬೇಜಾರಾಗ್ಬೇಡಿ, ಅದೇ ಹಳೀಲಿ ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ತಿರಾನೋಗೆ ಮಾಮೂಲಿ ರೈಲೂ ಓಡತ್ತೆ, ರಿಸರ್ವೇಶನ್ ಬೇಕಿಲ್ಲ, ಬಲಗಡೆ ಕಿಟಕಿ ಹಿಡೀರಿ, ಹಿಮನದಿ ಅಷ್ಟು ಚೆನ್ನಾಗಿ ಕಾಣತ್ತೆ! ಯಾವ ರೈಲೇ ಆಗ್ಲಿ, ಹತ್ತೋಕ್ ಮುಂಚೆ ಯೂರೇಲಿನ ರೈಲ್ ಪ್ಲಾನರ್ ಆ್ಯಪಲ್ಲಿ ಆ ರೈಲು ಸೇರಿಸಿ ಟಿಕೆಟ್ ರೆಡಿ ಇಟ್ಕೊಳ್ಳಿ.